ತನಿಯ ಹಿಡಿದ ಗುರಾಣಿ

ತನಿಯನ ಬಾಯಿಂದ ‘ಆಗುವುದಿಲ್ಲ’ ಎಂಬ ಮಾತನ್ನು ದೋಹಾದಲ್ಲಿ ಯಾರೂ ಕೇಳಿರಲಿಲ್ಲ. ಅಲ್ಲಿನ ಅಲ್ ಮುಂತಜಾ ಬಡಾವಣೆಯಲ್ಲಿ ಟೈರ್ ಅಂಗಡಿಗೂ ಬೇಕರಿಗೂ ನಡುವೆ ಒತ್ತಿಕೊಂಡಿದ್ದ ಮರಗೆಲಸದ ಅಂಗಡಿಯಲ್ಲಿ ಅವನು ಎಂಬತ್ತನಾಲ್ಕನೇ ಇಸವಿಯಿಂದ ದುಡಿಯುತ್ತಿದ್ದ. ಅರಬರು ಕೂತು ಮಾತಾಡುವ ಮಜ್ಲಿಸುಗಳ ಗೋಡೆಗೆ ಮರದ ಹೊದಿಕೆ ಹಾಕುವುದು ಆ ಅಂಗಡಿಯ ಮುಖ್ಯ ಕೆಲಸ. ಕಾಗದಕ್ಕಿಂತ ಸ್ವಲ್ಪವೇ ದಪ್ಪಗಿನ ಮರದ ಹಾಳೆಯನ್ನು ಗುಳ್ಳೆ ಏಳದಂತೆ ಬಾಗಿದ ಹಲಗೆಯ ಮೇಲೆ ಕೂರಿಸುವುದರಲ್ಲಿ ತನಿಯನ ಕೈ ಪಳಗಿತ್ತು. ಮಾಲೀಕ, ಅವರೆಲ್ಲ ಕರೆಯುವಂತೆ ಅರ್ಬಾಬ್, ನಾಳೆಗೇ ಬೇಕು ಅಂದರೆ ತನಿಯ ‘ಆಯ್ತು’ ಅನ್ನುತ್ತಿದ್ದ. ಗದಗದ ಕಡೆಯ ಫೋರ್‌ಮನ್ ಪಂಚಪ್ಪ ಊಟದ ಹೊತ್ತಿನಲ್ಲಿ ಕೆಲಸ ಹೇಳಿದರೂ ‘ಆಯ್ತು’.

ಅವನ ಹೆಂಡತಿ ವಾರಿಜಾಕ್ಷಿ ದೋಹಾದಿಂದ ಉತ್ತರಕ್ಕೆ, ಉಮ್ಮ್ ಸಲಾಲ್‌ನ ಒಂದು ವಿಲ್ಲಾದಲ್ಲಿ ಅಡುಗೆ, ಮನೆಗೆಲಸಕ್ಕಿದ್ದಳು. ಅವಳ ವೀಸಾ ಆ ಮನೆಯ ಯಜಮಾನ ಹೆನ್ರಿಯ ಹೆಸರಲ್ಲಿತ್ತು. ಮಗಳು ಗ್ರೀಷ್ಮಾ ಕಾರ್ಕಳದಲ್ಲಿ ವಾರಿಜಾಕ್ಷಿಯ ಅಕ್ಕನ ಜೊತೆ ಇದ್ದು ಶಾಲೆಗೆ ಹೋಗುತ್ತಿದ್ದಳು. ಗಂಡ ಹೆಂಡತಿ ಒಂದೇ ಊರಿನಲ್ಲಿದ್ದ ಹಾಗಿದ್ದರೂ ಮುಖ ನೋಡುವುದು ಶುಕ್ರವಾರ ಮಾತ್ರ. ತನಿಯ ಬೆಳಿಗ್ಗೆ ಯಾರದೋ ಪಿಕಪ್ ಹತ್ತಿ ಬರುತ್ತಿದ್ದ, ವಿಲ್ಲಾದ ಹಿಂದಿನ ಕೋಣೆಯಲ್ಲಿ ಊಟ ಮಾಡುತ್ತಿದ್ದ, ಸಂಜೆಗೆ ಹೊರಡುತ್ತಿದ್ದ.

ಹೆನ್ರಿ ಇಂಗ್ಲಿಷ್ ಶಾಲೆಯೊಂದರಲ್ಲಿ ಚರಿತ್ರೆಯ ಮೇಷ್ಟ್ರು. ಅರುವತ್ತರ ಹತ್ತಿರದ ದೊಡ್ಡ ಆಳು. ತೊಂಬತ್ತೈದರ ಚಳಿಗಾಲದ ಒಂದು ಶುಕ್ರವಾರ ಅವನು ತನಿಯನನ್ನು ಒಳಗೆ ಕರೆದು ಊಟದ ಮೇಜಿನ ತುಂಬ ಚಿತ್ರಗಳನ್ನು ಹರಡಿದ. ಯಾವುದೋ ಮರದ ತುಂಡುಗಳ ಫೋಟೋ. ಒಡೆದು ಚೂರಾದದ್ದನ್ನು ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು. ತನಿಯ ಬಗ್ಗಿ ಅಂಚನ್ನು ನೋಡಿದ. ಪಟ್ಟಿಗಳು ಒಂದು ಪದರದಲ್ಲಿ ಅಡ್ಡ, ಇನ್ನೊಂದರಲ್ಲಿ ಉದ್ದ, ಮತ್ತೆ ಅಡ್ಡ.

“ಇದು ಪ್ಲೈವುಡ್ ಅಲ್ವಾ ಸಾರ್?”

ಹೆನ್ರಿ ಮೇಜು ಗುದ್ದಿ ನಕ್ಕ. “ಪ್ಲೈವುಡ್ಡೇ! ಸಾವಿರದ ಏಳುನೂರು ವರ್ಷ ಹಿಂದಿನದು.”

ಅದು ರೋಮನ್ ಕಾಲಾಳು ಹಿಡಿಯುತ್ತಿದ್ದ ಗುರಾಣಿ. ಸಿರಿಯಾದಲ್ಲಿ, ಯೂಫ್ರಟಿಸ್ ನದಿಯ ದಂಡೆಯ ಕೋಟೆಯೂರೊಂದನ್ನು ಅಗೆದಾಗ ಮಣ್ಣಿನಡಿ ಸಿಕ್ಕಿದ್ದು. ಅಂಥ ಗುರಾಣಿಗಳು ಲಕ್ಷಗಟ್ಟಲೆ ಇದ್ದಿರಬೇಕು, ಆದರೆ ಮರ, ಚರ್ಮ, ಬಟ್ಟೆ ಮಣ್ಣಿನಲ್ಲಿ ಉಳಿಯುವುದಿಲ್ಲ. ಈಜಿಪ್ಟಿನ ಒಣ ಮರಳಿನಲ್ಲಿ ಇನ್ನೊಂದು ಹಳೆಯ ಗುರಾಣಿ ಸಿಕ್ಕಿದೆ, ಉಣ್ಣೆ ಹೊದಿಸಿದ್ದು. ಮಿಕ್ಕ ಕಡೆ ನಡುವಿನ ಲೋಹದ ಗುಬುಟು, ಅಂಚಿನ ಕಂಚಿನ ಪಟ್ಟಿ, ಅಷ್ಟೇ. ಆ ಪಟ್ಟಿಯ ಮಡಿಕೆಯ ಅಗಲ ಅಳೆದು, ಅದರೊಳಗೆ ಕೂತಿದ್ದ ಮರ ಎಷ್ಟು ದಪ್ಪವಿದ್ದಿರಬಹುದೆಂದು ಲೆಕ್ಕ ಹಾಕುತ್ತಾರೆ. ಹೆನ್ರಿ ಇದನ್ನೆಲ್ಲ ಕೈ ಬೀಸಿ ಬೀಸಿ ಹೇಳಿದ. ಅರ್ಧ ಇಂಗ್ಲಿಷ್ ತಲೆಗೆ ಹತ್ತದಿದ್ದರೂ ತನಿಯನಿಗೆ ವಿಷಯ ಹತ್ತಿತು.

“ಸಿರಿಯಾದ್ದು ಬೆರಳಿನ ಅರ್ಧ ಅಗಲದಷ್ಟೂ ದಪ್ಪವಿಲ್ಲ,” ಎಂದ ಹೆನ್ರಿ. “ಇಷ್ಟು ತೆಳು ಗುರಾಣಿ ಮೆರವಣಿಗೆಗೆ ಮಾತ್ರ ಎಂದು ನನ್ನ ಸ್ನೇಹಿತನೊಬ್ಬನ ವಾದ. ಯುದ್ಧಕ್ಕೇ ಇತ್ತು ಎಂದು ನನ್ನ ವಾದ. ಹತ್ತು ವರ್ಷದಿಂದ ಕಚ್ಚಾಡುತ್ತಿದ್ದೇವೆ. ಮಾಡಿ ನೋಡದೆ ಗೊತ್ತಾಗುವುದಿಲ್ಲ. ನೀನು ಮಾಡುತ್ತೀಯಾ?”

“ಆಯ್ತು ಸಾರ್.”

ವಿಲ್ಲಾದ ಗ್ಯಾರೇಜು ಅವರ ಕಾರ್ಖಾನೆಯಾಯಿತು. ಹಳೆಯವರು ಬಳಸಿದ ಮರ ಸಿಗಲಿಲ್ಲ. ಬೀಚ್ ಮರದ ಪಟ್ಟಿಗಳನ್ನು ತನಿಯ ಹತ್ರಿ ಹಾಕಿ ಕೀಸಿ ಕೀಸಿ ತೆಳು ಮಾಡಿದ. ಅಂಗಡಿಯ ಬಿಳಿ ಗಮ್ ಬೇಡ ಎಂದ ಹೆನ್ರಿ. ಚರ್ಮ ಕುದಿಸಿ ಮಾಡುವ ಸರೇಸನ್ನೇ ಹುಡುಕಿ ತಂದ. ಅದು ಕಾಯುವಾಗಿನ ನಾತಕ್ಕೆ ವಾರಿಜಾಕ್ಷಿ ಸೆರಗು ಮೂಗಿಗೊತ್ತಿಕೊಂಡು ಅಡುಗೆಮನೆಯ ಬಾಗಿಲು ಹಾಕುತ್ತಿದ್ದಳು. ಬಾಗಿದ ಅಚ್ಚಿನ ಮೇಲೆ ಮೂರು ಪದರ ಅಂಟಿಸಿ, ಮರಳಿನ ಚೀಲ ಹೇರಿ ಒಣಗಿಸಿದರು. ಹೆಂಚಿನಂತೆ ಬಾಗಿದ ಗುರಾಣಿ ಎದ್ದು ಬಂತು.

ಅದರ ಮೇಲೆ ಚರ್ಮ ಎಳೆಯುವುದು ಹೇಗೆಂದು ತನಗೆ ಗೊತ್ತು ಎಂದುಕೊಂಡ ತನಿಯ. ಒದ್ದೆ ಆಡಿನ ಚರ್ಮವನ್ನು ನೇರವಾಗಿ ಮರಕ್ಕೆ ಬಿಗಿದು ಅಂಟಿಸಿದ. ಒಣಗಿದರೆ ಡೋಲಿನ ಹಾಗೆ ಗಟ್ಟಿಯಾಗುತ್ತದೆ ಎಂಬ ಧೈರ್ಯ. ಮುಂದಿನ ಶುಕ್ರವಾರ ಬಂದು ನೋಡಿದರೆ, ಒಣ ಗಾಳಿಗೆ ಚರ್ಮ ಕುಗ್ಗಿ, ಗುರಾಣಿ ಹುರಿದ ಹಪ್ಪಳದಂತೆ ತಿರುಚಿಕೊಂಡಿತ್ತು. ನಡುವಿನ ಪದರ ಬಾಯಿ ಬಿಟ್ಟಿತ್ತು. ತನಿಯ ಉಳಿ ತೆಗೆದು ಸಾಣೆ ಹಿಡಿಯಲು ಕೂತ. ಹೆನ್ರಿ ಫೋಟೋಗಳನ್ನು ಮತ್ತೆ ತೆರೆದು, ಚರ್ಮದ ಜೊತೆ ಬಟ್ಟೆಯ ಪದರವೂ ಇತ್ತೆಂದೂ, ಬೆನ್ನಿಗೆ ಮರದ ಪಟ್ಟಿಗಳನ್ನು ಕೊಟ್ಟಿದ್ದ ಗುರುತಿದೆಯೆಂದೂ ತೋರಿಸಿದ. ಇಬ್ಬರೂ ಮೊದಲಿನಿಂದ ಶುರು ಮಾಡಿದರು. ಈ ಸಲ ಬಟ್ಟೆ, ತೆಳು ಚರ್ಮ, ಬೆನ್ನಿಗೆ ಪಟ್ಟಿ, ಅಂಚಿಗೆ ಹಸಿ ಚರ್ಮದ ಹೊಲಿಗೆ. ಅದು ತಿರುಚಲಿಲ್ಲ.

ಈಟಿಯನ್ನು ಹೆನ್ರಿ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ. ಮರದ ಹಿಡಿಗೆ ಮೊಳದುದ್ದದ ತೆಳು ಕಬ್ಬಿಣದ ಕಂಬಿ, ತುದಿಯಲ್ಲಿ ನಾಲ್ಕು ಮೂಲೆಯ ಮೊನೆ. ವಿಲ್ಲಾದ ಹಿಂದಿನ ಬಯಲಲ್ಲಿ ಮೊದಲು ಗುರಾಣಿಯನ್ನು ಎರಡು ಗೂಟಕ್ಕೆ ಬಿಗಿದು ನಿಲ್ಲಿಸಿದರು. ಹೆನ್ರಿಯ ಭುಜದಲ್ಲಿ ನೋವಿದ್ದುದರಿಂದ ತನಿಯನೇ ಎಸೆದ. ಮೊನೆ ಮರವನ್ನು ತೂರಿ ಒಂದು ಗೇಣು ಆಚೆ ಬಂತು. ಹೆನ್ರಿಯ ಮುಖ ಸಪ್ಪಗಾಯಿತು. ತೂತು ಮುಚ್ಚಿ ತೇಪೆ ಹಾಕಿ, ಮುಂದಿನ ವಾರ ಗುರಾಣಿಯನ್ನು ಹಗ್ಗದಲ್ಲಿ ತೂಗುಹಾಕಿದರು. ಪೆಟ್ಟಿಗೆ ಅದು ಹಿಂದಕ್ಕೆ ಸರಿಯಿತು. ಮೊನೆ ನಾಲ್ಕು ಬೆರಳಷ್ಟೇ ಆಚೆ ಬಂತು.

“ನೋಡಿದೆಯಾ!” ಹೆನ್ರಿ ಕೂಗಿದ. “ಪೆಟ್ಟಿಗೆ ಜಾಗ ಕೊಟ್ಟರೆ ಸಾಕು! ಮನುಷ್ಯನ ಕೈ ಇನ್ನೂ ಹೆಚ್ಚು ಜಾಗ ಕೊಡುತ್ತದೆ. ಮುಂದಿನ ಶುಕ್ರವಾರ ಗುರಾಣಿ ನಾನು ಹಿಡಿಯುತ್ತೇನೆ. ನೀನು ಎಸೆ.”

“ಆಯ್ತು ಸಾರ್,” ಅಂದುಬಿಟ್ಟ ತನಿಯ.

ಪಿಕಪ್‌ನಲ್ಲಿ ವಾಪಸು ಬರುವಾಗ ಆ ಮಾತಿನ ಅರ್ಥ ಅವನಿಗೆ ಇಳಿಯತೊಡಗಿತು. ಎದುರಿಗೆ ನಿಂತ ಬ್ರಿಟಿಷ್ ಸಾಹೇಬನ ಮೇಲೆ ಈಟಿ ಎಸೆಯುವವನು ತಾನು. ಮೊನೆ ತಪ್ಪಿ ಕುತ್ತಿಗೆಗೆ ಹೋದರೆ? ಅದು ವಿದ್ಯೆಯ ಕೆಲಸ ಎಂದು ಯಾರು ನಂಬುತ್ತಾರೆ? ಮನೆಗೆಲಸದವಳ ಗಂಡ ಯಜಮಾನನಿಗೆ ಈಟಿ ಹೊಡೆದ ಎಂದಷ್ಟೇ ಉಳಿಯುತ್ತದೆ. ಆ ವಾರ ಅವನ ಕೈ ಹಿಡಿತ ತಪ್ಪಿತು. ದುಬಾರಿ ತೇಗದ ಹಾಳೆಯೊಂದು ಹರಿದದ್ದು ನೋಡಿ ಪಂಚಪ್ಪ ಪಕ್ಕಕ್ಕೆ ಕರೆದು ಕೇಳಿದ. ತನಿಯ ಹೇಳಿದ.

“ತಲಿ ಗಿಲಿ ಕೆಟ್ಟತೇನ್ ನಿನಗ?” ಪಂಚಪ್ಪ ಸುತ್ತ ನೋಡಿ ದನಿ ತಗ್ಗಿಸಿದ. “ಅಂವಗ ಒಂದ್ ಹನಿ ರಕ್ತ ಬಂದ್ರ ನೀ ಒಳಗ ಹೋಗ್ತಿ, ನಿನ್ ಹೆಂಡ್ತಿ ವಿಮಾನ ಹತ್ತತಾಳ. ಒಲ್ಲೆ ಅಂತ ಹೇಳು.”

“ಹೇಗೆ ಹೇಳುವುದು ಅಣ್ಣ? ಅವಳ ವೀಸಾ ಅವರ ಕೈಯಲ್ಲಿ ಉಂಟು.”

ಪಂಚಪ್ಪ ತಲೆ ಅಲ್ಲಾಡಿಸಿ ಹೋದ.

ಶುಕ್ರವಾರ ಬೆಳಿಗ್ಗೆ ಉತ್ತರದ ಗಾಳಿ ಎದ್ದಿತ್ತು. ಬಯಲಿನ ಮರಳು ಕಾಲಿಗೆ ಚುಚ್ಚುತ್ತಿತ್ತು. ಹೆನ್ರಿ ಎಡಗೈಯಲ್ಲಿ ಗುರಾಣಿ ಎತ್ತಿ, ಗಲ್ಲದವರೆಗೆ ಮುಚ್ಚಿಕೊಂಡು ನಿಂತ. ಅವನ ಹೆಂಡತಿ ಎಡ್ನಾಗೆ ಇದು ಗೊತ್ತಿರಲಿಲ್ಲ. ಅವತ್ತೂ ಹಗ್ಗದಲ್ಲೇ ತೂಗುಹಾಕುತ್ತಾರೆಂದು ತಿಳಿದು ಕ್ಯಾಮೆರಾ ತರಲು ಒಳಗೆ ಹೋಗಿದ್ದಳು. ಬಟ್ಟೆ ಒಣಹಾಕುತ್ತಿದ್ದ ವಾರಿಜಾಕ್ಷಿ ತಿರುಗಿ ನೋಡಿ ಕ್ಲಿಪ್ಪಿನ ಡಬ್ಬ ಕೈಬಿಟ್ಟಳು.

“ಎಂತದು ನೀವು ಮಾಡುದು? ಯಾರ ಮೇಲೆ ಎತ್ತಿದ್ದು ಅದು?”

ತನಿಯ ಈಟಿ ಎತ್ತಿದ್ದ. ಗುರಾಣಿಯ ಮೇಲಿಂದ ಹೆನ್ರಿಯ ನೀಲಿ ಕಣ್ಣು, ಬೆವತ ಹಣೆ ಕಾಣುತ್ತಿತ್ತು. “ಎಸೆ!” ಎಂದ ಹೆನ್ರಿ. “ಎಸೆಯಪ್ಪ, ಏನು ಕಾಯುತ್ತಿದ್ದೀ?”

ತನಿಯ ಈಟಿಯನ್ನು ನೆಲಕ್ಕೆ ಹಾಕಿದ.

“ಆಗುವುದಿಲ್ಲ ಸಾರ್.”

ಹೆನ್ರಿ ಗುರಾಣಿ ಇಳಿಸಿದ. ಮುಖ ಕೆಂಪೇರಿತ್ತು.

“ಯಾಕೆ?”

“ನಿಮಗೆ ತಾಗಿದರೆ ನಾನು ಎಲ್ಲಿ ಹೋಗಲಿ? ಹಿಡಿಯುವುದಾದರೆ ನಾನು ಹಿಡಿಯುತ್ತೇನೆ. ನೀವು ಎಸೆಯಿರಿ.”

“ಛೆ! ನೀನು ನನ್ನ ಮನೆಯ ಕೆಲಸದವಳ ಗಂಡ. ಇಲ್ಲ ಅನ್ನಲಾರದವನ ಮೇಲೆ ನಾನು ಈಟಿ ಎಸೆಯುವುದೇ?”

“ಹಾಗಾದರೆ ಹೋದ ವಾರ ನೀವು ಎಸೆ ಅಂದಾಗ ನಾನು ಇಲ್ಲ ಅನ್ನಬಹುದಿತ್ತಾ ಸಾರ್?”

ಹೆನ್ರಿ ಗುರಾಣಿಯನ್ನು ಮರಳಿನಲ್ಲಿ ಬಿಟ್ಟು ಹಿಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತ. ಕ್ಯಾಮೆರಾ ಹಿಡಿದು ಬಂದ ಎಡ್ನಾ, ಏನಾಯಿತೆಂದು ಕೇಳಿ ತಿಳಿದು, ಗಂಡನನ್ನು ತರಾಟೆಗೆ ತೆಗೆದುಕೊಂಡಳು. “ಇವತ್ತಿಗೆ ಸಾಕು. ಇಬ್ಬರೂ ಒಳಗೆ ನಡೆಯಿರಿ,” ಎಂದಳು. ಅಲ್ಲಿಗೆ ಅದು ಮುಗಿಯಬೇಕಿತ್ತು.

ಮುಗಿಯದಂತೆ ಮಾಡಿದವನು ತನಿಯ. ಯಾಕೆಂದು ವಾರಿಜಾಕ್ಷಿ ಆಮೇಲೆ ಎಷ್ಟೋ ಸಲ ಕೇಳಿದಳು. ಬಿದ್ದಿದ್ದ ಗುರಾಣಿಯನ್ನು ಎತ್ತಿ ಹಿಡಿದಾಗ ಅದು ಅವನ ಕೈಗೆ ಹಗುರವಾಗಿ, ಸರಿಯಾಗಿ ಕೂತಿತು. ತಾನು ತೆಳು ಮಾಡಿದ ಪಟ್ಟಿ, ತಾನು ಹೊಲಿದ ಅಂಚು. ಅದು ತಡೆಯುತ್ತದೋ ಇಲ್ಲವೋ ಎಂದು ತಿಳಿಯುವುದು ಹೆನ್ರಿಗೆ ಎಷ್ಟು ಬೇಕಿತ್ತೋ ಅವನಿಗೂ ಅಷ್ಟೇ ಬೇಕಿತ್ತು. ‘ಆಗುವುದಿಲ್ಲ’ ಅಂದು ಮುಗಿದ ಮೇಲೆ ಭಯವೂ ಅರ್ಧ ಇಳಿದಿತ್ತು.

“ಸಾರ್, ಈಗ ನಾನಾಗಿ ಹೇಳುತ್ತಿದ್ದೇನೆ. ನೀವು ಹೇಳಿದ್ದಲ್ಲ. ಎದೆಗೆ ದಪ್ಪ ಹಲಗೆ ಕಟ್ಟಿಕೊಳ್ಳುತ್ತೇನೆ. ಒಂದೇ ಸಲ.”

“ನಿಮಗೆ ಮರ್ಲಾ, ಹುಚ್ಚಾ?” ವಾರಿಜಾಕ್ಷಿ ಅವನ ತೋಳು ಹಿಡಿದು ಎಳೆದಳು. “ಮನೆಯಲ್ಲಿ ಮಗಳು ಉಂಟು ಅಂತ ನೆನಪು ಉಂಟಾ?”

“ಎದೆಗೆ ಹಲಗೆ ಉಂಟಲ್ಲ. ಎಂತ ಆಗುದಿಲ್ಲ. ನೀನು ಒಳಗೆ ಹೋಗು.”

ಅವಳು ಹೋಗಲಿಲ್ಲ. ಗ್ಯಾರೇಜಿನಲ್ಲಿದ್ದ ಹಳೆಯ ಕಪಾಟಿನ ಬಾಗಿಲೊಂದನ್ನು ತನಿಯ ಹಗ್ಗದಿಂದ ಎದೆ ಹೊಟ್ಟೆಗೆ ಬಿಗಿದುಕೊಂಡ. ಅದನ್ನು ನೋಡಿ ಹೆನ್ರಿ ಮೆಟ್ಟಿಲಿಂದ ಎದ್ದು ಬಂದು ಒಪ್ಪಿದ. ಗುರಾಣಿಯನ್ನು ಮೈಯಿಂದ ದೂರ ಹಿಡಿಯಬೇಕೆಂದು ಎರಡೆರಡು ಸಲ ಹೇಳಿದ. ಎಡ್ನಾ ಕ್ಯಾಮೆರಾವನ್ನು ಮೆಟ್ಟಿಲ ಮೇಲಿಟ್ಟು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

ನೋಯುವ ಭುಜದಲ್ಲೇ ಹೆನ್ರಿ ಎಸೆದ ಮೊದಲ ಎಸೆತ ಗಾಳಿಗೆ ಅಡ್ಡಹೋಗಿ ಮರಳಿನಲ್ಲಿ ನಾಟಿತು. ಈಟಿ ಕಿತ್ತು ತಂದು ಮತ್ತೆ ನಿಂತ. ಆ ಹೊತ್ತಿನಲ್ಲಿ ಬೀಸಿದ ಗಾಳಿಗೆ ಗುರಾಣಿ ಹಾಯಿಯಂತೆ ಎಳೆಯಿತು. ಅಲ್ಲಾಡದಿರಲಿ ಎಂದು ತನಿಯ ಅದರ ಕೆಳಭಾಗವನ್ನು ತೊಡೆಗೆ ಆನಿಸಿದ. ಹೆನ್ರಿಯ ಕೈ ಮುಂದೆ ಬಂದದ್ದು ಕಂಡಿತು. ಈಟಿ ಕಾಣಲಿಲ್ಲ. ಬಾಗಿಲು ದಢಾರೆಂದು ಬಡಿದ ಹಾಗೆ ಸದ್ದಾಯಿತು, ಎಡಗೈ ಭುಜದವರೆಗೆ ಜುಮ್ಮೆಂದಿತು, ಅವನು ಒಂದು ಹೆಜ್ಜೆ ಹಿಂದೆ ತೂರಾಡಿ ನಿಂತ.

“ನಿಂತಿತು! ಗುರಾಣಿ ತಡೆಯಿತು!” ಹೆನ್ರಿ ಓಡಿ ಬಂದ.

ತನಿಯ ಕೆಳಗೆ ನೋಡಿದ. ಮೊನೆ ಮೂರು ಬೆರಳಷ್ಟು ಒಳಗೆ ಬಂದಿತ್ತು. ಆನಿಸಿಕೊಂಡ ತೊಡೆಯಲ್ಲಿ ಅದು ಇಳಿದಿತ್ತು. ಪ್ಯಾಂಟು ಮೊಣಕಾಲವರೆಗೆ ಕಪ್ಪಾಗುತ್ತಿತ್ತು. ವಾರಿಜಾಕ್ಷಿಯ ಕಿರುಚಾಟಕ್ಕೆ ಪಕ್ಕದ ವಿಲ್ಲಾದ ನಾಯಿ ಬೊಗಳತೊಡಗಿತು. ಹೆನ್ರಿ ಮರಳಿನಲ್ಲಿ ಮಂಡಿಯೂರಿ, “ದೇವರೇ, ದೇವರೇ,” ಎನ್ನುತ್ತ ತನ್ನ ಅಂಗಿಯನ್ನೇ ಕಳಚಿ ಗಾಯಕ್ಕೊತ್ತಿದ.

ಎಡ್ನಾ ಕಾರು ಓಡಿಸಿದಳು. ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕುವಾಗ ಜೊತೆಗಿದ್ದ ನರ್ಸ್ ಬ್ರಿಜಿಟ್ ಮಂಗಳೂರಿನ ಬಜಪೆಯವಳು. ತನಿಯನ ಮಾತು ಕೇಳಿದ್ದೇ ಪಕ್ಕಕ್ಕೆ ಬಗ್ಗಿದಳು.

“ಮಾಂಸಕ್ಕೆ ಮಾತ್ರ ತಾಗಿದ್ದು, ನರಕ್ಕೆ ಏನೂ ಆಗಿಲ್ಲ, ಹೆದರಬೇಡಿ. ಎಂತದ್ದು ಚುಚ್ಚಿದ್ದು?”

“ಉಳಿ ಜಾರಿತು ಅಂತ ಹೇಳಿ ಸಿಸ್ಟರ್,” ಎಂದಳು ವಾರಿಜಾಕ್ಷಿ, ಅವನು ಬಾಯಿ ತೆರೆಯುವ ಮೊದಲೇ.

ಬ್ರಿಜಿಟ್ ಗಾಯ ನೋಡಿದಳು. ನಾಲ್ಕು ಮೂಲೆಯ ಗಾಯ. “ಇದು ಉಳಿಯದ್ದಲ್ಲ ಅಕ್ಕ. ಡಾಕ್ಟರಿಗೂ ಗೊತ್ತಾಗ್ತದೆ.”

ಅಷ್ಟರಲ್ಲಿ ಹೊರಗೆ ಹೆನ್ರಿ ಡಾಕ್ಟರಿಗೆ ನಿಜವನ್ನೇ ಹೇಳಿಯಾಗಿತ್ತು. ಈಟಿ ಎಸೆದವನು ನಾನು, ಎಂದು. ಡಾಕ್ಟರು ನಿಯಮದಂತೆ ಪೊಲೀಸರಿಗೆ ಫೋನು ಮಾಡಿದರು. ಹೆನ್ರಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಹೋಗುವಾಗ ಅವನು ತಿರುಗಿ ನೋಡಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಗುರಾಣಿ ಅಡ್ಡ ಬಿದ್ದಿತ್ತು; ಅದನ್ನು ಅಲ್ಲಿ ಹಾಕಿದ್ದು ಯಾರೆಂದು ಯಾರಿಗೂ ನೆನಪಿರಲಿಲ್ಲ.

ಕಾಲು ನೆಲಕ್ಕೆ ಊರಲಾಗದಿದ್ದರೂ ತನಿಯ ಮಧ್ಯಾಹ್ನ ಠಾಣೆಗೆ ಹೋದ. ಒಂದು ಕಡೆ ವಾರಿಜಾಕ್ಷಿಯ ಭುಜ, ಇನ್ನೊಂದು ಕಡೆ ಗುರಾಣಿ. ಅಧಿಕಾರಿ ಚಿಕ್ಕ ವಯಸ್ಸಿನವನು, ಇಸ್ತ್ರಿ ಕೆಡದ ಸಮವಸ್ತ್ರ. ಹೆನ್ರಿ ಗೋಡೆ ಬದಿಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ, ಯಾರದೋ ಅಂಗಿ ಹೊದ್ದು. ಪೊಲೀಸರು ವಿಲ್ಲಾದಿಂದ ತಂದ ಈಟಿ ಮೇಜಿನ ಮೇಲಿತ್ತು.

“ಇದೇನು, ಬಾಗಿಲಾ?” ಅಧಿಕಾರಿ ಅರಬಿಯಲ್ಲಿ ಕೇಳಿದ.

ಅರ್ಬಾಬ್ ಜೊತೆ ಹನ್ನೆರಡು ವರ್ಷ ಏಗಿದ್ದರಿಂದ ತನಿಯನಿಗೆ ಕೆಲಸದ ಅರಬಿ ಬರುತ್ತಿತ್ತು. ಹಳೇ ಕಾಲದ ಸೈನಿಕರದ್ದು, ಸಿರಿಯಾದಲ್ಲಿ ಸಿಕ್ಕಿದ್ದರ ನಕಲು, ನಾನೇ ಮಾಡಿದ್ದು, ಎಂದ. ಅಧಿಕಾರಿ ಗುರಾಣಿ ಎತ್ತಿ ತೂಕ ನೋಡಿದ, ತೂತಿನಲ್ಲಿ ಬೆರಳಿಟ್ಟ, ಪದರಗಳನ್ನು ಎಣಿಸಿದ. ಆಮೇಲೆ ಕೆಳಗಿಟ್ಟು ನೇರವಾಗಿ ಕೇಳಿದ.

“ನಿನ್ನ ಹೆಂಡತಿ ಇವನ ವೀಸಾದಲ್ಲಿದ್ದಾಳೆ. ಇವನು ನಿಲ್ಲು ಅಂದರೆ ನೀನು ನಿಲ್ಲುತ್ತೀ. ಹೆದರಿಸಿ ನಿಲ್ಲಿಸಿದನೇ? ಹೇಳು. ಇಲ್ಲಿ ಅವನು ನಿನಗೇನೂ ಮಾಡಲಾರ.”

ಠಾಣೆಯ ಫ್ಯಾನು ಕಿರ್‍ರೆನ್ನುತ್ತಿತ್ತು. ವಾರಿಜಾಕ್ಷಿಯ ಬೆರಳು ತನಿಯನ ತೋಳಿನಲ್ಲಿ ಹೂತಿತ್ತು. ಬೆಳಿಗ್ಗೆಯವರೆಗೆ ತಾನು ಯಾವುದಕ್ಕೆ ಹೆದರಿದ್ದನೋ ಆ ಜಾಗದಲ್ಲಿ ಈಗ ಹೆನ್ರಿ ಕೂತಿದ್ದ. ಹೌದು ಎಂದರೆ ಹೆನ್ರಿ ಜೈಲಿಗೆ, ಅವನ ಜೊತೆಗೆ ಅವಳ ವೀಸಾವೂ ಹೋಗುತ್ತದೆ. ಇಲ್ಲ ಎಂದರೆ ವೀಸಾಕ್ಕಾಗಿ ಸುಳ್ಳು ಹೇಳಿದ ಎನ್ನುತ್ತಾರೆ. ತನಿಯ ನಡೆದದ್ದನ್ನು ನಡೆದ ಹಾಗೆ ಹೇಳಿದ.

“ಮೊದಲು ಅವರು ಗುರಾಣಿ ಹಿಡಿದರು, ನನಗೆ ಎಸೆ ಅಂದರು. ನಾನು ಆಗುವುದಿಲ್ಲ ಅಂದೆ. ಅವರು ಹೋಗಿ ಮೆಟ್ಟಿಲ ಮೇಲೆ ಕೂತರು. ಮೇಡಂ ಸಾಕು ಅಂದರು. ಆಮೇಲೆ ಹಿಡಿಯುತ್ತೇನೆ ಅಂದವನು ನಾನು. ಹೆದರಿದವನಾದರೆ ಮೊದಲೇ ಎಸೆಯುತ್ತಿದ್ದೆ. ಗುರಾಣಿಯನ್ನು ದೂರ ಹಿಡಿ ಅಂತ ಹೇಳಿದ್ದರು. ನಾನೇ ಕಾಲಿಗೆ ಆನಿಸಿದ್ದು.”

ಅಧಿಕಾರಿ ಎಡ್ನಾಳನ್ನು ಬೇರೆ ಕರೆದು ಕೇಳಿದ. ವಾರಿಜಾಕ್ಷಿಯನ್ನು ಬೇರೆ ಕರೆದು, ಮಲಯಾಳಿ ಕಾನ್‌ಸ್ಟೇಬಲ್‌ ಒಬ್ಬನ ಮೂಲಕ ಕೇಳಿದ. ಇಬ್ಬರೂ ಅದನ್ನೇ ಹೇಳಿದರು. ವಾರಿಜಾಕ್ಷಿ ಮಾತ್ರ ಒಂದು ಮಾತು ಸೇರಿಸಿದಳಂತೆ: ಇಬ್ಬರಿಗೂ ಬುದ್ಧಿ ಇಲ್ಲ, ಇಬ್ಬರನ್ನೂ ಒಂದು ದಿನ ಒಳಗೆ ಹಾಕಿ. ಅದನ್ನು ಅನುವಾದಿಸುವಾಗ ಕಾನ್‌ಸ್ಟೇಬಲ್‌ಗೆ ನಗು ತಡೆಯಲಾಗಲಿಲ್ಲ. ಅಧಿಕಾರಿ ನಗಲಿಲ್ಲ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು, ಹೆನ್ರಿಯಿಂದ ಸಹಿ ಹಾಕಿಸಿಕೊಂಡು, ಈಟಿಯನ್ನು ಬೀರುವಿಗೆ ಹಾಕಿ ಬೀಗ ಜಡಿದ.

“ಇದು ಇಲ್ಲೇ. ಇನ್ನೊಂದು ಸಲ ಇಂಥ ಆಟ ಮಾಫಿ, ಇಲ್ಲವೇ ಇಲ್ಲ. ಖಲಾಸ್. ಯಲ್ಲಾ, ಮನೆಗೆ ಹೋಗಿ.”

ಆದರೆ ಅಷ್ಟಕ್ಕೆ ಖಲಾಸ್ ಆಗಲಿಲ್ಲ. ಠಾಣೆಯಿಂದ ಕರೆ ಹೋಗಿ ಬಂದಿದ್ದ ಅರ್ಬಾಬ್ ಹೊರಗೆ ಕಾರಿನಲ್ಲಿ ಕಾದಿದ್ದ. ತನ್ನ ಕೆಲಸದವನು ರಜೆಯ ದಿನ ಬೇರೆಯವರ ಮನೆಯಲ್ಲಿ ಕೆಲಸ ಮಾಡಿದ ಎಂಬುದು ಅವನಿಗೆ ಈಟಿಗಿಂತ ದೊಡ್ಡ ಅಪರಾಧ. ಊರಿಗೆ ಕಳಿಸುತ್ತೇನೆ ಎಂದು ಮೂರು ದಿನ ಕೂಗಾಡಿದ. ಬಾಗಿದ ಗೋಡೆಗೆ ಮರ ಹೊದಿಸಲು ಅಂಗಡಿಯಲ್ಲಿ ಬೇರೆ ಯಾರಿದ್ದಾರೆ ಎಂದು ಪಂಚಪ್ಪ ಸಮಾಧಾನವಾಗಿ ಕೇಳಿದ ಮೇಲೆ ದನಿ ಇಳಿಸಿದ. ಶುಕ್ರವಾರ ಉಮ್ಮ್ ಸಲಾಲ್‌ಗೆ ಹೋಗುವುದು ಮಾತ್ರ ಬಂದ್ ಆಯಿತು. ಗಂಡ ಹೆಂಡತಿ ಮಾತಾಡುವುದು ಬೇಕರಿಯ ಫೋನಿನಲ್ಲಿ ಎಂದಾಯಿತು.

ಸುದ್ದಿ ಶಾಲೆಗೆ ಮುಟ್ಟಿತು. ಜೂನ್‌ನಲ್ಲಿ ಹೆನ್ರಿಯ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಎಡ್ನಾ ವಾರಿಜಾಕ್ಷಿಗೆ ಬೇರೆ ಮನೆ ಹುಡುಕಿಕೊಟ್ಟಳು. ವಾರಿಜಾಕ್ಷಿ ಒಲ್ಲೆ ಅಂದಳು. ಐದು ವರ್ಷ ಮಗಳನ್ನು ಬಿಟ್ಟಿದ್ದು ಸಾಕು, ಎಂದಳು. ಹೊರಡುವ ಮುನ್ನ ಹೆನ್ರಿ ಒಬ್ಬನೇ ಅಂಗಡಿಗೆ ಬಂದ. ಹತ್ರಿಯ ಸದ್ದಿನ ನಡುವೆ, ಮರದ ಹೊಟ್ಟಿನಲ್ಲಿ ನಿಂತು, ತನ್ನ ಜೊತೆ ವಾದ ಮಾಡುತ್ತಿದ್ದ ಸ್ನೇಹಿತನಿಗೆ ಬರೆದದ್ದನ್ನು ಹೇಳಿದ. ಮರ ತೂತಾಯಿತೇ ಹೊರತು ಸೀಳಲಿಲ್ಲ. ಪಟ್ಟಿಗಳು ಅಡ್ಡ ಉದ್ದ ಕೂತದ್ದರಿಂದ ಬಿರುಕು ಮುಂದೆ ಓಡಲಿಲ್ಲ. ಆದರೆ ಒಂದು ಎಸೆತದಿಂದ ಯುದ್ಧದ್ದೋ ಮೆರವಣಿಗೆಯದ್ದೋ ಎಂದು ಹೇಳಲಾಗದು. ವಾದ ಗೆಲ್ಲಲಿಲ್ಲ ಎಂದು ಬರೆದಿದ್ದೇನೆ, ಎಂದ.

“ನಾನು ನಿನಗೆ ಎಸೆ ಅಂದದ್ದು ತಪ್ಪು, ತನಿಯ.”

ತನಿಯನಿಗೆ ‘ಪರವಾಗಿಲ್ಲ’ ಎನ್ನಲು ಮನಸ್ಸು ಬರಲಿಲ್ಲ. “ಹೌದು ಸಾರ್,” ಎಂದ. ಹೆನ್ರಿ ತಲೆಯಾಡಿಸಿ ಕೈ ಚಾಚಿದ. ತನಿಯ ಅಂಟು ಮೆತ್ತಿದ್ದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆ ಕೈ ಹಿಡಿದ.

ಅದೇ ತಿಂಗಳು ವಾರಿಜಾಕ್ಷಿಯೂ ಹೊರಟಳು. ವಿಮಾನ ನಿಲ್ದಾಣಕ್ಕೆ ಬಿಡಲು ಅರ್ಬಾಬ್ ತಾನಾಗಿ ಅರ್ಧ ದಿನ ರಜೆ ಕೊಟ್ಟಿದ್ದ. ಸರತಿಯಲ್ಲಿ ನಿಂತು ಅವಳು ಅವನ ಕಾಲನ್ನೇ ನೋಡುತ್ತಿದ್ದಳು.

“ಇನ್ನು ಯಾರಾದ್ರೂ ಎಂತಾದ್ರೂ ಹಿಡಿ ಅಂದ್ರೆ?”

“ಕೇಳಿ ನೋಡ್ತೇನೆ. ಬೇಡ ಅನ್ನಿಸಿದ್ರೆ ಬೇಡ ಅಂತೇನೆ.”

“ಅನ್ನಿ,” ಎಂದು ಅವಳು ಟ್ರಾಲಿ ತಳ್ಳಿದಳು.

ತನಿಯ ಮತ್ತೆ ಮೂರು ವರ್ಷ ದೋಹಾದಲ್ಲಿದ್ದ. ಕಾಲು ಪೂರ್ತಿ ವಾಸಿಯಾಯಿತು, ಚಳಿಗಾಲದ ಬೆಳಿಗ್ಗೆ ಮಾತ್ರ ಸ್ವಲ್ಪ ಸೆಳೆಯುತ್ತಿತ್ತು. ತೊಂಬತ್ತೊಂಬತ್ತರಲ್ಲಿ ಅರ್ಬಾಬ್ ಇನ್ನೆರಡು ವರ್ಷಕ್ಕೆ ಸಹಿ ಹಾಕು ಎಂದು ಕಾಗದ ಮುಂದಿಟ್ಟಾಗ ಅವನು ಓದಿ, ಮಡಚಿ, ಮೇಜಿನ ಮೇಲೆ ವಾಪಸಿಟ್ಟ. ಊರಿಗೆ ಹೊರಟ ದಿನ ಪಂಚಪ್ಪ ಅವನನ್ನು ವಿಮಾನ ನಿಲ್ದಾಣದ ಬಸ್ಸಿನವರೆಗೆ ಕಳಿಸಿ ಬಂದ.